ಚಿನ್ನದೆಳೆಯ ಲೇಸೂ ಬೀರಯ್ಯನ ಪಂಚೆಯೂ

ಕೇಳ್ರಪ್ಪಾ ಕೇಳಿ, ಹಿಂದೆ ಕೂತೋರು ಮುಂದೆ ಬನ್ನಿ, ಮುಂದೆ ಕೂತೋರು ಆಕಳಿಸಬೇಡಿ. ಯಾವುದೋ ಒಂದು ದೇಶ. ಹೆಸರು ಕೇಳಬೇಡಿ, ನನಗೂ ಗೊತ್ತಿಲ್ಲ. ಅಲ್ಲಿನ ರಾಜನ ಮನೇಲಿ ಒಂದು ಪದ್ಧತಿ. ಹೆಣ್ಣುಮಗಳು ಮದುವೆಯಾಗಬೇಕಾದ್ರೆ ತಲೆಸೆರಗಿಗೆ ಚಿನ್ನದೆಳೆಯ ಲೇಸು ಇರಲೇಬೇಕು. ಎಂಥಾ ಲೇಸು? ಕಡಲಾಚೆ ಸ್ಪೇನಿಂದ ಬಂದ ಸನ್ಯಾಸಿನಿಯರು ಕಲಿಸಿದ್ದು. ಒಂದು ಸೂಜಿ, ಚಿನ್ನದ ದಾರ, ಅಷ್ಟೇ. ಅಡೀಲಿ ಬಟ್ಟೆಯೇ ಇಲ್ಲ! ಗಾಳಿ ಮೇಲೆ ಹೊಲಿದ ಹಾಗೆ.

ತಲೆಮಾರಿಂದ ಇಟ್ಟುಕೊಂಡು ಬಂದಿದ್ದ ಆ ಹಳೇ ಲೇಸನ್ನ ಇಲಿ ಕಡಿದುಹಾಕ್ತು. ಹೊಲಿಯೋಕೆ ಬರ್ತಿದ್ದೋರೆಲ್ಲ ಎಂದೋ ಸತ್ತುಹೋಗಿದ್ರು. "ಲೇಸಿಲ್ಲದೆ ಹಸೆಮಣೆ ಏರಲ್ಲ" ಅಂತ ರಾಜಕುಮಾರಿ ಹಠ ಹಿಡಿದಳು. ಡಂಗುರ ಹೊಡೆಸಿದ್ರು.

ಸಂಕವ್ವ ಅಂತ ಒಬ್ಬಳಿದ್ದಳು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. "ನಮ್ಮಜ್ಜಿ ಹೊಲೀತಿದ್ಲು, ನನಗೇನು ಮಹಾ?" ಅಂದುಬಿಟ್ಟಳು. ಅಜ್ಜಿ ಹೊಲೀತಿದ್ದದ್ದು ನಿಜ, ಇವಳಿಗೆ ಬರ್ತಿತ್ತು ಅನ್ನೋದು ಮಾತ್ರ ಸುಳ್ಳು. ರಾಜ ದಾರ ಕೊಟ್ಟು ಹೇಳಿದ: "ಮುಹೂರ್ತಕ್ಕೆ ಲೇಸು ಬರದಿದ್ರೆ ತಲೆ ಬೋಳಿಸಿ ಕತ್ತೆ ಮೇಲೆ ಮೆರವಣಿಗೆ!" ಸಂಕವ್ವ ತನ್ನ ದಪ್ಪ ತುರುಬು ಮುಟ್ಟಿ ನೋಡಿಕೊಂಡಳು.

ಮೊದಲು ಗಾಳೀಲೇ ಹೊಲಿದಳು. ದಾರ ಚಿಮ್ಮಿ ಮೂಗಿಗೆ ಸುತ್ತಿಕೊಂಡಿತು. ಆಮೇಲೆ ಬಟ್ಟೆ ಮೇಲೆ ಹೊಲಿದಳು. ಚೆಂದವೇ ಆಯ್ತು.

"ಇದು ಕಸೂತಿ ಆಯ್ತಲ್ಲೇ?" ಅಂದ ಗಂಡ ಬೀರಯ್ಯ.

"ಬಾಯಿ ಮುಚ್ಕೊಂಡು ಇಲ್ಲಿ ಕೂತ್ಕೊಳ್ಳಿ!"

ಮಣೆ ಹಾಕಿಕೊಂಡು ಕೂತ, ಪಾಪ. ಮೂರನೇ ಸಲ ಅವನ ಮಂಡಿ ಮೇಲೇ ಕೆಲಸ ಹರಡಿದಳು. ದಾರ ಜಾರದ ಹಾಗೆ ಅಲ್ಲಲ್ಲಿ ಹೊಲಿಗೆ ಹಾಕಿ ಹಿಡಿಸಿದಳು. ಎಲ್ಲಿಗೆ? ಅವನು ಉಟ್ಟ ಪಂಚೆಗೆ! ಆ ಎಳೆಗಳ ನಡುವೆ, ಬಟ್ಟೆಗೆ ಸೂಜಿ ಚುಚ್ಚದೆ, ಕುಣಿಕೆಗೆ ಕುಣಿಕೆ ಕೋದಳು. ಮುಹೂರ್ತದ ತನಕ ಬೀರಯ್ಯ ಏಳೋ ಹಾಗಿಲ್ಲ. ಊಟ ಅಲ್ಲೇ, ನಿದ್ದೆ ಅಲ್ಲೇ, ಮಿಕ್ಕದ್ದು ಕೇಳಬೇಡಿ.

ಲೇಸು ಮುಗೀತು, ಅರಮನೆಯೋರೂ ಬಂದ್ರು. ಎಳೆದ್ರೆ ಲೇಸು ಬರಲೊಲ್ಲದು. ಬೀರಯ್ಯನ್ನ ಮಣೆ ಸಮೇತ ಎತ್ತಿಕೊಂಡೇ ಹೋದ್ರು.

"ಲೇಸಿನ ಜೊತೆ ಈ ಯಜಮಾನರನ್ನೂ ತಲೆ ಮೇಲೆ ಹೊದ್ಕೋಬೇಕಾ?" ಅಂದಳು ರಾಜಕುಮಾರಿ. ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಕ್ಷೌರದವನು ಕತ್ತಿ ಮಸೆದ. ಹೊರಗೆ ಕತ್ತೆ ಅರಚಿತು.

ಸಂಕವ್ವನಿಗೆ ಅಳು ಬಂತು, ಅದರ ಹಿಂದೇ ಸಿಟ್ಟೂ ಬಂತು. ಕ್ಷೌರದವನ ಪೆಟ್ಟಿಗೇಲಿದ್ದ ಕತ್ತರಿ ಕಸಿದು ಗಂಡನ ಪಂಚೆಗೇ ಹಾಕಿದಳು. ಸುತ್ತ ಕತ್ತರಿಸಿದಳು, ಅಡಿಯ ಬಟ್ಟೆಯನ್ನ ಚೂರು ಚೂರಾಗಿ ಕಿತ್ತಳು. ಬೀರಯ್ಯ ಕಂಬದ ಹಿಂದಕ್ಕೆ ಓಡಿದ.

ಬಟ್ಟೆಯೆಲ್ಲ ಉದುರಿತು. ಏನು ಉಳೀತು ಹೇಳಿ? ಲೇಸು! ಕುಣಿಕೆ ಕುಣಿಕೇಲೂ ಬೆಳಕು ತೂರಿ ಬರ್ತಿತ್ತು. ಓಹೋ, ಬಟ್ಟೆ ಮೇಲೆ ಹೊಲಿದು ಆಮೇಲೆ ಬಟ್ಟೇನೇ ತೆಗೆದುಬಿಡೋದು! ಸಂಕವ್ವನಿಗೂ ಆಗಲೇ ಗೊತ್ತಾದದ್ದು. ಮುಖ ಮಾತ್ರ ಹುಟ್ಟಿದಾಗಿಂದ ಗೊತ್ತಿದ್ದ ಹಾಗೆ ಇಟ್ಟುಕೊಂಡಳು.

ರಾಜಕುಮಾರಿ ಲೇಸು ಹೊದ್ದು ಹಸೆಮಣೆ ಏರಿದಳು. "ಏನು ಬೇಕೋ ಕೇಳವ್ವಾ," ಅಂದ ರಾಜ.

ಸಂಕವ್ವ ಬಾಯಿ ತೆಗೆಯೋದರೊಳಗೆ ಕಂಬದ ಹಿಂದಿಂದ ಕೂಗು ಬಂತು: "ಮೊದಲು ಒಂದು ಪಂಚೆ ಕೇಳೇ, ಮಾರಾಯ್ತಿ!"

ಆ ದೇಶದಲ್ಲಿ ಈಗಲೂ ಆ ಲೇಸು ಹೊಲೀತಾರೆ. ಸೂಜಿ ಕಂಡ್ರೆ ಗಂಡಂದಿರು ಮಾತ್ರ ಹತ್ತಿರ ಸುಳಿಯಲ್ಲ. ಅವರು ಅಲ್ಲಿ ಹೊಲೀತಿರಲಿ, ನಾವು ಇಲ್ಲಿಂದ ಏಳೋಣ. ಏಳೋ ಮುಂಚೆ ನಿಮ್ಮ ನಿಮ್ಮ ಪಂಚೆ ನೋಡ್ಕೊಳ್ರಪ್ಪಾ.