ಎಡಗಡೆಯ ತಗ್ಗು

ಮಳೆ ಹಿಡಿದುಕೊಂಡಿದ್ದರಿಂದ ಗ್ಯಾರೇಜಿನ ತಗಡಿನ ಸೂರಿನಡಿ ನಿಂತವರಲ್ಲಿ ಕೊರಿಯರಿನವನಿಗೆ ಮಾತ್ರ ಮಳೆಯ ಮೇಲೆ ಸಿಟ್ಟಿರಲಿಲ್ಲ. ಅವನ ಸಿಟ್ಟೆಲ್ಲ ಮೇಸ್ತ್ರಿಯ ಮೇಲಿತ್ತು. ಮಾರುವ ಮೊದಲು ತನ್ನ ಹಳೇ ಮೋಟಾರ್ ಸೈಕಲ್ಲನ್ನು ಒಂದಿಷ್ಟು ನೀಟು ಮಾಡಿಸೋಣವೆಂದು ತಂದಿದ್ದ. ಮೇಸ್ತ್ರಿ ಎಂಜಿನ್ ಬಿಚ್ಚಿ ಜೋಡಿಸಿದ್ದ, ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಉಜ್ಜಿ ಬೆಳ್ಳಗೆ ಮಾಡಿದ್ದ. ಆದರೆ ಟ್ಯಾಂಕಿನ ಎಡಗಡೆ ಇದ್ದ ಹೆಬ್ಬೆರಳಗಲದ ತಗ್ಗನ್ನು ಹಾಗೇ ಬಿಟ್ಟಿದ್ದ. ಕೇಳಿದರೆ, "ಬಲಗಡೆ ಎಷ್ಟು ತಗ್ಗಿದ್ರೂ ಎತ್ತಿ ಸಮ ಮಾಡಿಕೊಡ್ತೀನಿ. ಎಡಗಡೇದು ಈ ಅಂಗಡೀಲಿ ಎತ್ತಲ್ಲ," ಎಂದು ಸ್ಪ್ಯಾನರ್ ಒರೆಸುತ್ತ ಒಳಗೆ ಹೋಗಿಬಿಟ್ಟ.

"ಇದ್ಯಾವ ಕಾನೂನು? ಡಾಕ್ಟ್ರು ಎಡಗಾಲು ಮಾತ್ರ ನೋಡಲ್ಲ ಅಂದ ಹಾಗಾಯ್ತಲ್ಲ," ಎಂದ ಕೊರಿಯರಿನವನು, ಪಕ್ಕದಲ್ಲಿ ನೆನೆದ ಸೆರಗು ಹಿಂಡುತ್ತಿದ್ದ ನರ್ಸಮ್ಮನಿಗೆ.

"ನನ್ನ ಕೇಳಬೇಡಪ್ಪ, ಅಜ್ಜೀನ ಕೇಳು," ಎಂದಳು ಆಕೆ.

ಮೂಲೆಯ ಬಲ್ಬಿನ ಕೆಳಗೆ ಸೀಟಜ್ಜಿ ಕೂತಿದ್ದಳು. ಗಾಡಿಗಳ ಸೀಟು ಹೊಲಿದೇ ತಲೆ ಬೆಳ್ಳಗಾದವಳಾದ್ದರಿಂದ ಆ ಹೆಸರು. ತೊಡೆಯ ಮೇಲೆ ಯಾರದೋ ಹರಿದ ಸೀಟು, ಹಲ್ಲಿನ ನಡುವೆ ಮೇಣ ಸವರಿದ ದಾರ. ಆ ದಾರವನ್ನು ಕಡಿದು, ಹೊರಗಿನ ಮಬ್ಬು ಬೆಳಕನ್ನೊಮ್ಮೆ ನೋಡಿದಳು.

"ಕತ್ತಲಾಗ್ತಿದೆ ಅಲ್ವಾ? ಈ ಹೊತ್ತಿಗೇ ಹೇಳ್ಬೇಕಾದ್ದು ಅದು. ಗಾಡಿ ಹೊರಗೇ ನಿಂತಿದೆಯಾ ಮಗ? ನೆನೀಲಿ ಬಿಡು. ಆ ಡಬ್ಬ ಎಳ್ಕೊಂಡು ಹತ್ರ ಕೂತ್ಕೋ."

ಕೊರಿಯರಿನವನು ಆಯಿಲ್ ಡಬ್ಬವನ್ನು ಬೋರಲು ಹಾಕಿ ಕೂತ. ಮಳೆ ನಿಲ್ಲುವವರೆಗೆ ಮಾಡುವುದಾದರೂ ಏನಿತ್ತು.

"ಈ ಮೇಸ್ತ್ರಿ ಅಪ್ಪ ಇದ್ದ ಕಾಲ ಅದು. ಅವನನ್ನ ಎಲ್ಲಾರೂ ಕನ್ನಡಿ ಮೇಸ್ತ್ರಿ ಅಂತಿದ್ರು. ಯಾಕೆ ಅಂದ್ರೆ, ಅವನು ಉಜ್ಜಿ ಬಿಟ್ಟ ಗಾಡೀಲಿ ಮುಖ ನೋಡ್ಕೊಂಡು ತಲೆ ಬಾಚ್ಕೋಬಹುದಿತ್ತು. ನಮ್ಮನೆ ಪಾತ್ರೇನೂ ಒಂದಿನ ಹೀಗೆ ಉಜ್ಜಬಾರದಾ ಅಂತ ಅವನ ಹೆಂಡತಿ ಗೊಣಗೋಳು... ಇರಲಿ. ಇಲ್ಲಿ ನೂಲಿನ ಗಿರಣೀಲಿ ಅಕ್ಕ ತಮ್ಮ ಇಬ್ರು ಕೆಲಸಕ್ಕಿದ್ರು. ಅಪ್ಪ ಅಮ್ಮ ಇಲ್ಲ, ಅಕ್ಕಾನೇ ಎತ್ತಿ ಬೆಳೆಸಿದ್ದು. ತಮ್ಮನಿಗೆ ಇರುಳುಗಣ್ಣು... ಹಗಲೆಲ್ಲಾ ಚೆನ್ನಾಗೇ ಕಾಣ್ತಿತ್ತು, ಹೊತ್ತು ಮುಳುಗಿತು ಅಂದ್ರೆ ಮುಗೀತು, ಗೋಡೆನೇ ಗತಿ. ಅದಕ್ಕೇ ಅವಳು ಅವನನ್ನ ಗೂಬೆ ಅಂತಿದ್ಲು. ಗೂಬೆಗೆ ರಾತ್ರಿ ಕಾಣುತ್ತೆ ಕಣೇ ಅಂತ ಅವನು. ನಿನಗೂ ಕಾಣೋ ತನಕ ಹಾಗೇ ಕರೀತೀನಿ ಅಂತ ಇವಳು.

"ಅಂಥವನು ಸಂಜೆ ಗಾಡಿ ಹೊಡ್ಕೊಂಡು ಮನೆಗೆ ಬರ್ತಿದ್ದ. ಹೇಗೆ ಹೇಳಿ? ಅಕ್ಕ ಹಿಂದೆ ಕೂತು ಕಣ್ಣಾಗೋಳು. ಎಡಕ್ಕೆ... ಇನ್ನೂ ಎಡಕ್ಕೆ... ಗುಂಡಿ ಬಂತು, ನಿಧಾನ... ನಡ್ಕೊಂಡು ಹೋಗೋರೇ ಇವರನ್ನ ದಾಟಿ ಹೋಗ್ತಿದ್ರು, ಅಷ್ಟು ನಿಧಾನ. ಅವಳು ಹತ್ತಿ ಬೆನ್ನು ತಟ್ಟೋವರೆಗೂ ಅವನು ಗಾಡಿ ಎಬ್ಬಿಸ್ತಿರಲಿಲ್ಲ. ಎಷ್ಟು ಹೊತ್ತಾದ್ರೂ ಕಾಯ್ಕೊಂಡು ಕೂತಿರೋನು.

"ಗಿರಣಿ ಅಂಗಳದಲ್ಲಿ ನಿಲ್ಲಿಸಿದ ಗಾಡಿ ಎಲ್ಲಾ ಒಂದೇ ಥರ ಕಪ್ಪು. ಕತ್ತಲಲ್ಲಿ ತನ್ನದು ಯಾವುದು ಅಂತ ಹೇಗೆ ಗೊತ್ತಾಗ್ಬೇಕು? ಟ್ಯಾಂಕಿನ ಎಡಗಡೆ ಸವರ್ಕೊಂಡು ಬರೋನು... ಇದಲ್ಲ... ಇದೂ ಅಲ್ಲ... ಹಾಂ, ಇದು. ಅವನ ಟ್ಯಾಂಕಲ್ಲಿ ಒಂದು ತಗ್ಗಿತ್ತು. ಅವಳೇ ಮಾಡಿದ್ದು. ಗಾಡಿ ತಂದ ದಿನ, ಒಂದು ಮಾತು ಕೇಳದೆ ತಂದ್ಯಲ್ಲೋ, ನಿನ್ನ ಕಣ್ಣಿಗೆ ಇದೊಂದು ಕೇಡು ಅಂತ ಊಟದ ಡಬ್ಬಿ ಎತ್ತಿ ಬೀಸಿದ್ಲು. ಅವನು ಬಗ್ಗಿದ, ಟ್ಯಾಂಕಿಗೆ ಬಿತ್ತು. ಅವನ ಹೆಬ್ಬೆರಳಿಗೆ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು ಆ ತಗ್ಗು.

"ಆಮೇಲೆ ಅವನಿಗೆ ಜ್ವರ ಬಂತು. ಆಸ್ಪತ್ರೆಗೆ ಹೋದ. ವಾಪಸ್ ಬರಲಿಲ್ಲ..."

ಮಳೆ ತಗಡಿನ ಮೇಲೆ ಒಮ್ಮೆ ಜೋರಾಯಿತು. ಅಜ್ಜಿ ತೊಡೆಯ ಮೇಲಿನ ಸೀಟನ್ನು ತಿರುಗಿಸಿ ಇಟ್ಟುಕೊಂಡಳು.

"ಗಾಡಿ ಮನೆ ಮೆಟ್ಟಿಲ ಕೆಳಗೆ ಬಿತ್ತು, ವರ್ಷಗಟ್ಟಲೆ. ಟೈರು ಕೂತೋಯ್ತು, ಹ್ಯಾಂಡಲಿಗೆ ಜೇಡ ಬಲೆ ಕಟ್ತು, ಎಲ್ಲಾ ಕಡೆ ಧೂಳು... ಆದ್ರೆ ಸೀಟಿನ ಮುಂದಿನರ್ಧದ ಮೇಲೆ ಮಾತ್ರ ಧೂಳಿಲ್ಲ. ಸಂಜೆ ಕವೀತಿದ್ದ ಹಾಗೆ ಸೀಟಿನ ಸ್ಪ್ರಿಂಗು ಕಿರ್ರ್ ಅನ್ನೋದು. ಅವಳು ಹೆದರಿದ್ಲಾ? ಮೆಟ್ಟಿಲ ಮೇಲೆ ಕೂತು, ಬಂದ್ಯಾ ಗೂಬೆ ಅನ್ನೋಳು. ಅವತ್ತಿನ ಗಿರಣಿ ಸುದ್ದಿಯೆಲ್ಲಾ ಹೇಳೋಳು. ಯಾರ ಹತ್ರಾನೂ ಬಾಯಿ ಬಿಡಲಿಲ್ಲ. ಸತ್ತೋನು ದಿನಾ ಮನೆಗೆ ಬರ್ತಾನೆ ಅಂತ ಯಾರಿಗೆ ಹೇಳ್ಕೊಳ್ಳೋದು?

"ಒಂದಿನ ನೋಡ್ತಾಳೆ, ಸೀಟಿನ ಕೆಳಗಿನ ಕಬ್ಬಿಣ ತುಕ್ಕು ತಿಂದು ತೂತು ಬಿದ್ದಿದೆ. ಮುರಿದು ಬಿದ್ರೆ ಹುಡುಗ ಎಲ್ಲಿ ಕೂರ್ತಾನೆ? ಅದೊಂದೇ ಯೋಚನೆಗೆ ಗಾಡಿ ತಳ್ಕೊಂಡು ಇಲ್ಲಿಗೆ ಬಂದ್ಲು. ಹೊಸದರ ಹಾಗೆ ಮಾಡ್ಕೊಡಿ ಮೇಸ್ತ್ರಿ, ಟ್ಯಾಂಕ್ ಮೇಲೆ ಬಂಗಾರದ ಬಣ್ಣದಲ್ಲಿ ಒಂದು ಗೂಬೆ ಬರೀರಿ ಅಂದ್ಲು. ಸೀಟು ಹೊಲಿಯೋ ನನಗೆ, ಸ್ಪ್ರಿಂಗು ಮಾತ್ರ ಹಳೇದೇ ಇರಲಿ, ಅದರ ಸದ್ದು ಬೇಕು ಅಂದ್ಲು. ತಗ್ಗಿನ ವಿಚಾರ ಎತ್ತಲೇ ಇಲ್ಲ. ಅವಳಿಗದು ದಿನಾ ನೋಡೋ ಮುಖದ ಮಚ್ಚೆ ಇದ್ದ ಹಾಗೆ, ಹೇಳ್ಬೇಕು ಅಂತ ಹೊಳೆಯುತ್ತಾ? ಇನ್ನು ಕನ್ನಡಿ ಮೇಸ್ತ್ರಿಗೋ... ತಗ್ಗು ಬಿಟ್ಟು ಬಣ್ಣ ಹಚ್ಚೋದು ಅಂದ್ರೆ ಮರ್ಯಾದೆ ಪ್ರಶ್ನೆ. ಟ್ಯಾಂಕಿನ ಬಾಯೊಳಗೆ ಬಗ್ಗಿಸಿದ ಸರಳು ತೂರಿಸಿ, ಒಳಗಿಂದ ಕೂದಲೆಳೆಯಷ್ಟು ಕೂದಲೆಳೆಯಷ್ಟು ಎತ್ತಿ, ಹೊರಗೆ ಮಗು ಹಣೆ ಸವರಿದ ಹಾಗೆ ಸವರಿ ಸವರಿ ನೋಡೋನು. ಗೂಬೇನೂ ಅವನೇ ಬರೆದ, ಕಣ್ಣು ಅಗಲಕ್ಕೆ ಬಿಟ್ಕೊಂಡಿರೋ ಗೂಬೆ. ಅಂಥ ಕೆಲಸ ಅವನು ಹಿಂದೆ ಮಾಡಿರಲಿಲ್ಲ, ಮುಂದೂ ಮಾಡಲಿಲ್ಲ.

"ಅವಳು ಅತ್ಲು, ನಕ್ಲು, ಮನೆಗೆ ತಗೊಂಡು ಹೋದ್ಲು. ಸಂಜೆ ಮೆಟ್ಟಿಲ ಮೇಲೆ ಕೂತು ಕಾಯ್ತಾಳೆ... ಸ್ಪ್ರಿಂಗಿನ ಸದ್ದಿಲ್ಲ. ಟ್ಯಾಂಕಿನ ಮೇಲೆ ಕೈಯಾಡೋ ಸದ್ದು. ಸರ್... ಸರ್... ಎಡಗಡೆ, ಮೇಲಿಂದ ಕೆಳಗೆ. ನಿಲ್ತು. ಮತ್ತೊಂದ್ಸಲ ಸವರ್ತು. ಆಮೇಲೆ ಹೆಜ್ಜೆ ಸದ್ದು, ಬೀದಿ ಕಡೆಗೆ. ಇದೇ ಕಣೋ ನಿನ್ನದು, ಇದೇ, ಅಂತ ಬಾಗಿಲ ತನಕ ಓಡಿದ್ಲು. ಹೆಜ್ಜೆ ನಿಲ್ಲಲಿಲ್ಲ. ಹೋದವರಿಗೆ ನಮ್ಮ ಮಾತು ಕೇಳುತ್ತಾ? ಯಾರು ಕಂಡಿದ್ದಾರೆ. ಅಷ್ಟು ವರ್ಷ ಹೇಳಿದ ಸುದ್ದೀಲಿ ಒಂದೂ ಅವನಿಗೆ ಕೇಳಿರಲಿಲ್ವೇನೋ...

"ಬೆಳಿಗ್ಗೆ ಬಂದು ಮೇಸ್ತ್ರಿ ಮುಂದೆ, ನನ್ನ ಮುಂದೆ ಎಲ್ಲಾ ಹೇಳಿದ್ಲು. ಮೇಸ್ತ್ರಿ ನಗಲಿಲ್ಲ. ಅದೇ ಊಟದ ಡಬ್ಬಿ ತರಿಸಿದ. ನಾನು ಸುತ್ತಿಗೆಯಿಂದ ಹೊಡೆದ್ರೆ ಅದು ನನ್ನ ತಗ್ಗಾಗುತ್ತೆ, ನೀನೇ ಹೊಡಿಯಮ್ಮ ಅಂದ. ಅವಳು ಡಬ್ಬಿ ಎತ್ತಿದ್ಲು... ಎತ್ತಿದ ಕೈ ಹಾಗೇ ನಿಂತ್ಕೊಳ್ತು. ಸಿಟ್ಟು ಬೇಕಲ್ಲಪ್ಪ ಅದಕ್ಕೆ? ಇಲ್ಲದ ಹುಡುಗನ ಮೇಲೆ ಎಲ್ಲಿಂದ ತರೋದು? ಸೋತ ಕೈಯಲ್ಲಿ ಬಡಿದ್ಲು. ಗೂಬೆ ರೆಕ್ಕೆ ಮೇಲೆ ಒಂದು ಗೀರು ಬಿತ್ತು, ಅಷ್ಟೇ. ಬೈಯೋಕೂ ಬರ್ತಿಲ್ಲ ಮೇಸ್ತ್ರಿ ಅಂತ ಅಲ್ಲೇ, ನೀನು ಕೂತಿದೀಯಲ್ಲ, ಅಲ್ಲೇ ಕೂತುಬಿಟ್ಲು."

ಅಜ್ಜಿ ಸೂಜಿಗೆ ದಾರ ಪೋಣಿಸಲು ನೋಡಿದಳು, ಆಗಲಿಲ್ಲ. ನರ್ಸಮ್ಮ ತೆಗೆದುಕೊಂಡು ಪೋಣಿಸಿಕೊಟ್ಟಳು.

"ಅವತ್ತಿಂದ, ಮಳೆ ಬಂದ ಸಂಜೆ, ಬೀದೀಲಿ ನಿಂತ ಗಾಡಿಗಳ ಟ್ಯಾಂಕಿನ ಎಡಗಡೆ ನೀರು ಒರೆಸಿದ ಹಾಗೆ ಅಂಗೈ ಗುರುತು. ಸಾಲಾಗಿ, ಒಂದಾದ್ಮೇಲೆ ಒಂದು ಗಾಡಿ ಮೇಲೆ. ಅವಳು ಆ ಗುರುತಿನ ಹಿಂದೆ ಹಿಂದೆ ಹೋಗೋಳು... ಇಲ್ಲಿದೀನೋ, ಎಡಕ್ಕೆ ಬಾರೋ, ಎಡಕ್ಕೆ... ಜನ ತಲೆ ಕೆಟ್ಟಿದೆ ಅಂದ್ರು. ಹಾಗೇ ನೆನೆದೂ ನೆನೆದೂ ಒಂದಿನ ಅವಳೂ ಹೋದ್ಲು. ಕನ್ನಡಿ ಮೇಸ್ತ್ರಿ ಕೊನೇಲಿ ಮಗನ ಕೈ ಹಿಡ್ಕೊಂಡು ಕೇಳಿದ್ದು ಒಂದೇ. ಎಡಗಡೆ ತಗ್ಗು ಬಂದ್ರೆ ಎತ್ತಬೇಡ ಕಣೋ. ಎಲ್ಲಾದ್ರೂ ಒಂದು ಕಡೆ ಆ ಹುಡುಗ ಕೂತ್ಕೊಳ್ಳಲಿ."

ಕೊರಿಯರಿನವನು ಎದ್ದು ಪ್ಯಾಂಟು ಕೊಡವಿಕೊಂಡ. "ಮೇಸ್ತ್ರಿಗೆ ಕೆಲಸ ತಪ್ಪಿಸೋಕೆ ಚೆನ್ನಾಗಿ ಕಟ್ಟಿದೀರ ಅಜ್ಜಿ," ಎಂದು ನಕ್ಕ. ನಗು ಅವನಿಗೇ ಒಗ್ಗಲಿಲ್ಲ. ಸಣ್ಣಗೆ ಹನಿಯುತ್ತಿದ್ದ ಮಳೆಯಲ್ಲಿ ಗಾಡಿಯ ಹತ್ತಿರ ಹೋದ. ಹ್ಯಾಂಡಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಟ್ಯಾಂಕಿನ ತುಂಬ ಹನಿಗಳು; ಎಡಗಡೆ ತಗ್ಗಿನ ಸುತ್ತ ಮಾತ್ರ ಒಂದೂ ಇರಲಿಲ್ಲ. ಕೈ ತಾನಾಗಿ ಸೀಟಿನ ಮೇಲೆ ಹೋಯಿತು, ಹೋದಲ್ಲೇ ನಿಂತಿತು.

"ಮುಂದಿನರ್ಧ ಒಣಗಿದೆಯಾ ಮಗ?" ಒಳಗಿನಿಂದ ಅಜ್ಜಿ ಕೇಳಿದಳು. ತಲೆಯೆತ್ತಿರಲಿಲ್ಲ.

"ಹೂಂ," ಎಂದು ಅವನು ಕೈ ಹಿಂತೆಗೆದ.

"ಹಿಂದಿನರ್ಧ?"

ಅವನು ನೋಡಿದ. ಅಲ್ಲಿ ನೀರು ಮಡುಗಟ್ಟಿತ್ತು.

"ನೆನೆದಿದೆ," ಎಂದ.

ಒಳಗೆ ಅಜ್ಜಿ ತೊಡೆಯ ಸೀಟಿನಲ್ಲಿ ದಾರ ಎಳೆದ ಸದ್ದು ಕೇಳಿಸಿತು. "ಹಾಗಿದ್ರೆ ಅಕ್ಕ ಇನ್ನೂ ಸಿಕ್ಕಿಲ್ಲ... ನೀನು ಒಳಗೆ ಬಾ. ಅವನಾಗೇ ಇಳಿಯೋವರೆಗೂ ಕೂತಿರಲಿ. ಅವಳು ಹತ್ತಲಿ ಅಂತ ಕಾಯ್ತಿದಾನೆ."