ಲೋಬಾನ ಹಿಡಿದ ಪ್ರೊಜೆಕ್ಟರ್

…ಗುರುವಾರ! ಶುಕ್ರವಾರ ಅಲ್ಲ ಮೆಹನಾಜ್, ಗುರುವಾರ. ನಾ ಮೊದಲನೇ ಸಲ ಮನಿ ಬಿಟ್ಟು ಓಡಿಹೋಗಿದ್ದು ಗುರುವಾರ. ನಮ್ಮ ಅಮ್ಮಾ ಮಾತ್ರ ಸಾಯೂತನಕ "ನನ್ನ ರಫೀಕ ಜುಮ್ಮಾ ನಮಾಜ್ ತಪ್ಪಿಸಿ ಓಡಿಹೋದ" ಅಂತ ಹೇಳ್ಕೋತ ತಿರುಗಿದ್ಲು. ಎರಡು ತಪ್ಪು ಒಂದ ಗಂಟಿನ್ಯಾಗ ಕಟ್ಟಿದ್ರ ಬೈಯಾಕ ಹಗುರಾಗ್ತೈತಿ ನೋಡು! ನಿಜ ಅಂದ್ರ ಗುರುವಾರ. ತುರ್ವಿಹಾಳದ ಸಾಲಿ, ಐದನೇತ್ತೆ, ಹನ್ನೆರಡರ ಮಗ್ಗಿ. ಹನ್ನೆರಡ ಏಳಲೆ ಎಷ್ಟು ಅಂದ್ರು ಮಾಸ್ತರ್ರು. ಕಿಟಕಿ ಹೊರಗ ಬಯಲಾಗ ಒಬ್ಬಾಂವ ಬಿಳಿ ಪರದೆ ಕಟ್ಟಾಕತ್ತಿದ್ದ. ಕುಟುಂಬ ಯೋಜನೆ ಪಿಚ್ಚರ್ ತೋರಿಸೋ ಸರ್ಕಾರಿ ವ್ಯಾನು. ನಾ ಎದ್ದು ಹೋದೆ. ಮಸ್ಕಿ ಮುಟ್ಟಿದ ಮ್ಯಾಲ ಹಸಿವಾತು, ಆವಾಗ ತಿಳೀತು ಓಡಿಬಂದೀನಿ ಅಂತ. ಹನ್ನೆರಡ ಏಳಲೆ ಎಷ್ಟು ಅನ್ನೋದು ಇನ್ನೂ ಗೊತ್ತಿಲ್ಲ, ಖರೇವು.

ಯಾಕ ನಗ್ತೀ? ನಗಲಿಲ್ಲಾ? ತುಟಿ ಅಲುಗಿದಂಗಾತು… ಇರಲಿ ಬಿಡು. ಆ ಜಮಖಾನಿ ಈ ಕಡಿ ಕೊಡು. ಕಿಟಕಿಗೆ ಹಾಕಬೇಕು. ಹಾಡಹಗಲ ಪ್ರೊಜೆಕ್ಟರ್ ಹಚ್ಚೋದಂದ್ರ ಬಿಸಲಾಗ ಬ್ಯಾಟರಿ ಬಿಟ್ಟಂಗ. ಮೊದಲ ಕತ್ತಲಿ ಮಾಡ್ಕೋಬೇಕು, ಆಮ್ಯಾಲ ಬೆಳಕು.

ಅಲ್ಲ, ಹತ್ತು ವರ್ಷ ಆದಮ್ಯಾಲ ಗಂಡ ಬಂದಾನ. ಬಾ ಅನಲಿಲ್ಲ, ಹೋಗು ಅನಲಿಲ್ಲ. ಒಂದು ಗ್ಲಾಸ್ ನೀರು ಕೊಟ್ಟಿ, ಹೋಗಿ ಆ ಕೆಂಪು ಕುರ್ಚಿ ಮ್ಯಾಲ ಕುಂತಿ. ಅದು ಮದುಮಗನ ಕುರ್ಚಿ ಅಲ್ಲೇನು? ಕುಂದ್ರು ಕುಂದ್ರು, ನನಗೇನು.

ಏನು, ಉರ್ದು ಮರ್ತಾನೇನು ಅಂತ ನೋಡ್ತೀ? ಮರ್ತಿಲ್ಲವಾ. ಹಿಂದ ಕರ್ನೂಲಿನ ಬಾವರ್ಚಿಗಳು ದೇಗ ಇಟ್ಟಾರ. ಅವರಿಗೆ ಕನ್ನಡ ತಿಳಿಯಂಗಿಲ್ಲ. ನಮ್ಮ ಮಾತಿನ್ಯಾಗ ಮಾತಾಡಿದ್ರ ಬಿರ್ಯಾನಿ ಜೋಡಿ ನಮ್ಮ ಸಂಸಾರನೂ ದಮ್ಮಿಗೆ ಇಡ್ತಾರ.

ನೋಡು, ನಾ ಜಗಳಕ್ಕ ಬಂದಾಂವ ಅಲ್ಲ. ಲಿಂಗಸೂಗೂರಿನ ಅಮೀನ್‌ಸಾಬ್‌ನ ಶಾಮಿಯಾನ ಅಂಗಡ್ಯಾಗ ಆರು ತಿಂಗಳಾತು ನಾನು. "ಸಿಂಧನೂರು ಶಾದಿಮಹಲ್, ಪ್ರೊಜೆಕ್ಟರ್ ಒಂದು, ಪರದೆ ಒಂದು" ಅಂದ್ರು, ಹೊತ್ಕೊಂಡು ಬಂದೆ. ಯಾರ ಮದುವಿ, ಯಾರ ಮಗಳು ಅಂತ ನನಗೇನು ಗೊತ್ತು? ಬಾಗಲದಾಗ ಹೂವಿನ ಅಕ್ಷರದಾಗ "ವಸೀಮಾ" ಅಂತ ಓದಿದೆ. ಓದಾಕ ಹೊತ್ತಾತು, ಆದ್ರೂ ಓದಿದೆ… ನಮ್ಮ ಹುಡಿಗಿ ಹೆಸರು! ಬಂದೀನಿ ಅಂದಮ್ಯಾಲ ಒಂದ ಮಾತು ಕೇಳ್ತೀನಿ. ಒಂದ! ಹನ್ನೊಂದಕ್ಕ ಗೊರೇಬಾಳದಿಂದ ಗಂಡಿನ ಕಡೀಯವರು ಬರ್ತಾರ. ಖಾಜಿ ಸಾಬ್ ಹುಡಿಗಿ ಹೆಸರು ಕೂಗುವಾಗ ನಾ ಅಲ್ಲಿ, ನಿನ್ನ ತಮ್ಮ ಸಮೀಉಲ್ಲಾನ ಬಾಜೂಕ ನಿಂದ್ರತೀನಿ. ಹುಡಿಗಿ ಅಬ್ಬಾ ಅಂತ. ಅಷ್ಟ. ಊಟಕ್ಕೂ ನಿಂದ್ರಂಗಿಲ್ಲ… ಹಂಗಂತ ಬಿರ್ಯಾನಿ ಬ್ಯಾಡ ಅಂದಿಲ್ಲ. ನೀ ಹ್ಞೂಂ ಅನ್ನು ಸಾಕು.

ಅನ್ನಂಗಿಲ್ಲ? ಆತು, ವಿಚಾರ ಮಾಡು. ಇನ್ನೂ ಹೊತ್ತೈತಿ. ನಾ ನನ್ನ ಕೆಲಸ ಮಾಡ್ತೀನಿ.

ಇಗಾ, ಕರೆಂಟ್ ಕೊಟ್ಟೆ. ಹೆದರಬ್ಯಾಡ, ಅದು ಒಳಗಿನ ಫ್ಯಾನಿನ ಸಪ್ಪಳ. ಸಿಟ್ಟಿಗೆದ್ದ ಬೆಕ್ಕಿನಂಗ ಬುಸುಗುಡ್ತೈತಿ, ಕಚ್ಚಂಗಿಲ್ಲ. ನೀಲಿ ಪರದೆ ಬಂತು. "ನೋ ಸಿಗ್ನಲ್" ಅಂತ ಬರೀತೈತಿ ನೋಡು… ಮುಂಜಾನಿಂದ ನಿನ್ನ ಮಾರಿ ಮ್ಯಾಲೂ ಅದ ಬರದೈತಿ. ಹೋಗ್ಲಿ, ನಗಬ್ಯಾಡ. ಪೆನ್‌ಡ್ರೈವ್ ಎಲ್ಲಿ? ಫೋಟೋ ಸ್ಟುಡಿಯೋದವರು ಕೊಟ್ಟಿದ್ದು… ಹ್ಞಾಂ. ಲ್ಯಾಪ್‌ಟಾಪಿಗೆ ಹಾಕಿದೆ. ಈ ದಪ್ಪನ್ನ ವೈರ್ ಇಲ್ಲಿ ಚುಚ್ಚಿದೆ. ಬಂತು!

ಅರೇ! ಎಲ್ಲಾ ತಲಿಕೆಳಗ! ಗಾಬರಿ ಆಗಬ್ಯಾಡ. ಹಿಂದಿನ ಸಲ ಯಾರೋ ಇದನ್ನ ಚಾವಣಿಗೆ ನೇತಾಡ್ಸಿದ್ರು, ಬಾವಲಿ ಹಂಗ. ಅದ ಲೆಕ್ಕದಾಗ ಇನ್ನೂ ಐತಿ. ಇಲ್ಲಿ ಒತ್ತಬೇಕು… ನೆಟ್ಟಗಾತು. ಈಗ ಮ್ಯಾಲ ಅಗಲ, ಕೆಳಗ ಸಣ್ಣ, ಮೊರ ಹಿಡಿದಂಗ ಬಂದೈತಿ. ಹಿಂದ ಎರಡು ಊಟದ ತಾಟು ಇಡು, ಎತ್ತರ ಆಗಲಿ. ಇನ್ನೊಂದು. ಸಾಕು. ನಾಕೂ ಮೂಲಿ ಕೂಡಿದ್ವು. ಸಾಲಿ ಕಲ್ತವರೂ ಇದನ್ನ ಮಾಡಂಗಿಲ್ಲ ತಿಳ್ಕೋ. ಮೊನ್ನೆ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ್ಯಾಗ ಫುಟ್ಬಾಲ್ ಮ್ಯಾಚ್ ತೋರಿಸಿದೆ. ಬಂಗಾಲಿ ಮಂದಿ ನನ್ನ "ದಾದಾ ದಾದಾ" ಅಂತ ಹೆಗಲ ಮ್ಯಾಲ ಕುಂದ್ರಿಸ್ಕೊಂಡ್ರು. ಆಮ್ಯಾಲ ಅವರ ಟೀಮು ಸೋತಿತು, ಇಳಿಸಿಬಿಟ್ರು.

ಆದ್ರ ಮಬ್ಬೈತಲ್ಲ… ಫೋಕಸ್ ತಿರುವಿದ್ರೂ ಮಬ್ಬು. ಹಳದಿ ಬ್ಯಾರೆ. ಎಲ್ಲಾರ ಮಾರಿಗೂ ಕಾಮಾಲಿ ಬಡದಂಗ. ಓಹೋ, ತಿಳೀತು ತಿಳೀತು! ಅಮೀನ್‌ಸಾಬ್! ಆ ಮುದುಕ ಶುಕ್ರವಾರಕ್ಕೊಮ್ಮೆ ಅಂಗಡಿ ಸಾಮಾನಿಗೆಲ್ಲ ಲೋಬಾನದ ಹೊಗಿ ಹಾಕ್ತಾನ. ದೇಗಿಗೆ, ಕುರ್ಚಿಗೆ, ಸೀರಿಯಲ್ ಲೈಟಿಗೆ… ಇದು ಎಲ್ಲಾಕ್ಕಿಂತ ತುಟ್ಟಿ ಸಾಮಾನು, ಅದಕ್ಕ ಇದರ ಮಾರಿಗೆ ಹಿಡದು ಏಳು ಸಲ. "ನಜರ್ ತಾಗಬಾರದು ಬೇಟಾ" ಅಂತಾನ. ನಜರೇನೋ ತಾಗಲಿಲ್ಲ, ಹೊಗಿ ಕುಂತು ಕುಂತು ಗಾಜಿಗೆ ಕಣ್ಣಪೊರಿ ಬಂದೈತಿ! ಮಸ್ಕಿಯೊಳಗ ಒಂದು ಮದುವ್ಯಾಗ ಮದುಮಗ ಎದ್ದು ನಿಂತು "ಹುಡಿಗಿ ಇಷ್ಟು ಹಳದಿ ಅಂತ ಹೇಳಿರಲಿಲ್ಲ" ಅಂದ. ಅಲ್ಲಾ ಕಸಮ್!

ನಿನ್ನ ಕನ್ನಡಕ ಒರಸೋ ಬಟ್ಟಿ ಕೊಡು… ಕನ್ನಡಕ ಯಾವಾಗ ಬಂತು ನಿನಗ? ಚಲೋ ಕಾಣ್ತೈತಿ. ಮಾಸ್ತರತಿ ಇದ್ದಂಗ. ತಾ ಇಲ್ಲಿ. ಹಾಽ… ಬಾಯಾಗಿನ ಹಬಿ ಬಿಟ್ಟು, ಮೆಲ್ಲಕ ಒರಸಬೇಕು, ನಡುವಿನಿಂದ ಅಂಚಿಗೆ. ನೋಡು ಬಟ್ಟಿ ಹೆಂಗ ಜಿಡ್ಡಾತು. ಈಗ ಪರದೆ ನೋಡು. ನೋಡಂತೀನಿ!

ಇದು ವಸೀಮಾ… ತೊಟ್ಟಲಾಗ. ಇದು ಸಾಲಿ ಡ್ರೆಸ್ಸಿನ್ಯಾಗ. ಮುಂದ… ಅರೇ, ಇದು ನಾನು! ಹೆಗಲ ಮ್ಯಾಲ ಆಕಿ. ಲಿಂಗಸೂಗೂರಿನ ಬಸ್‌ಸ್ಟ್ಯಾಂಡಿನ್ಯಾಗ ತಗಸಿದ್ದು, ನನ್ನ ಕೂದಲಾ ಹಿಡ್ಕೊಂಡು ಕುಂತಾಳ. ಆವಾಗ ಹಿಡಿಯಾಕ ಕೂದಲಾ ಇದ್ವು. ಕೆಳಗ ಏನೋ ಬರದಾರ. ಇಷ್ಟೊತ್ತು ಮಬ್ಬಿನ್ಯಾಗ ಕಾಣವಲ್ದಾಗಿತ್ತು. ತಡಿ, ಓದ್ತೀನಿ. ಮ… ರ್ಹೂ… ಮ್… ರಫೀಕ್.

ಮರ್ಹೂಮ್!

ಮರ್ಹೂಮ್ ಅಂದ್ರ ಸತ್ತಾಂವ! ಏನಿದು ಮೆಹನಾಜ್! ಜೀವಂತ ಮನಿಶ್ಯಾನ್ನ, ಇಷ್ಟು ದೊಡ್ಡ ಅಕ್ಷರದಾಗ! ಯಾರು ಸಾಯಿಸಿದ್ರು ನನ್ನ? ನೀನಾ? ನಿನ್ನ ತಮ್ಮನಾ? ಗಂಡಿನ ಕಡೀಯವರ ಮುಂದ ಮರ್ಯಾದಿ ಉಳಿಸ್ಕೊಳ್ಳಾಕ ನನ್ನ ಖಬರಸ್ಥಾನಕ್ಕ ಕಳಿಸಿದ್ರೇನು? ಕೇಳಾಕತ್ತೀನಿ, ಮಾತಾಡು! ಇಲ್ಲಿ ನಿಂತೀನಿ, ಮುಟ್ಟಿ ನೋಡು. ಸತ್ತಾಂವ ವೈರ್ ಚುಚ್ಚತಾನೇನು? ಸತ್ತಾಂವ ತಾಟು ಇಡಾಕ ಹೇಳ್ತಾನೇನು? ಇನ್ನು ಖಾಜಿ ಸಾಬ್ "ಮರ್ಹೂಮ್ ರಫೀಕನ ಮಗಳು" ಅಂತ ಕೂಗ್ತಾನ, ನಾ ಹಿಂದಿನಿಂದ "ಜೀ ಹಾಜರ್" ಅನ್ಲೇನು?

ಹಂಗ ನೋಡಬ್ಯಾಡ. ನನ್ನ ತಪ್ಪೇನೈತಿ ಇದರಾಗ? ಯಾರೋ ಏನೋ ಹೇಳಿದ್ರು ಅಂತ ನಂಬಿಬಿಡೋದಾ? ಅದೂ ಆ ನಾಸೀರನ ಮಾತು! ಪುಣೆದಾಗ ನನ್ನ ಖೋಲ್ಯಾಗ ಇದ್ದ ನಾಸೀರ, ಹಗಲೆಲ್ಲಾ ಕುಡ್ಕೊಂಡಿರ್ತಿದ್ದ. ಅಂಥಾಂವ ಫೋನ್ ಮಾಡಿ, ಕೊರೊನಾ ಬಂದು ತೀರ್ಕೊಂಡ, ಹೆಣ ಕೊಡಲಿಲ್ಲ, ದವಾಖಾನಿಯವರ ಮಣ್ಣು ಮಾಡಿದ್ರು ಅಂದ್ರ, ಹೌದೋ ಅಲ್ಲೋ ಅಂತ ವಿಚಾರ ಮಾಡಬಾರದಾ? ಒಂದು ಸಲ ಪುಣೆಕ್ಕ ಬಂದು…

ಏನು? ಯಾಕ ಹಂಗ ನೋಡಾಕತ್ತಿ?

…ನೀ ನಾಸೀರ ಅನಲಿಲ್ಲ. ಹೌದು. ಫೋನ್ ಅಂತನೂ ಅನಲಿಲ್ಲ. ಕೊರೊನಾ ಅಂತನೂ… ನೀ ಮುಂಜಾನಿಂದ ಬಾಯಿನ ತಗದಿಲ್ಲ. ನಾನ… ಆ ನಾಸೀರ ತಾನ ಆಮ್ಯಾಲ ನನಗ ಹೇಳಿದ. ಹ್ಞಾಂ, ಆಮ್ಯಾಲ. ಒಂದು ದಿನ ಕುಡುದಾಗ… ಅಲ್ಲ…

ಆತು.

ಆತು ಮೆಹನಾಜ್, ಕುಂದ್ರು, ಏಳಬ್ಯಾಡ. ನಾನ ಹೇಳಿಕೊಟ್ಟೆ ಅವನಿಗೆ. ಒಂದೊಂದ ಮಾತು ಬಾಯಿಪಾಠ ಮಾಡ್ಸಿದೆ. ಹೆಣ ಕೊಡಲಿಲ್ಲ ಅನ್ನೋದು ನಂದ ಬುದ್ಧಿ. ಐದನೇತ್ತೆ ಫೇಲಾದ್ರೂ ಬುದ್ಧಿಗೇನು ಕಡಿಮಿ ಇಲ್ಲ ನೋಡು. ಯಾಕಂದ್ರ… ಯಾಕಂದ್ರ ಪ್ರತಿ ಜುಮ್ಮಾಕ್ಕ ವಸೀಮಾ ಫೋನ್ ಮಾಡ್ತಿದ್ಲು. ಅಬ್ಬಾ ಯಾವಾಗ ಬರ್ತೀ? ರಮ್ಜಾನಿಗೆ. ರಮ್ಜಾನಿಗೆ ಯಾಕ ಬರಲಿಲ್ಲ? ಬಕ್ರೀದಿಗೆ ಬರ್ತೀನಿ. ಐದು ವರ್ಷ ಇದ ಹಾಡು. ಒಂದು ಜಾಗಾದಾಗ ಕಾಲು ನಿಂದ್ರಂಗಿಲ್ಲ ನಂದು, ನಿನಗ ಗೊತ್ತು. ಬರ್ತೀನಿ ಅಂದಾಗೊಮ್ಮೆ ಖರೇನ ಬರಬೇಕು ಅಂತಿದ್ದೆ, ಬಸ್‌ಸ್ಟ್ಯಾಂಡಿಗೆ ಹೋಗ್ತಿದ್ದೆ, ಬ್ಯಾರೆ ಬಸ್ ಹತ್ತತಿದ್ದೆ. ಸತ್ತಾಂವಗ ಯಾವಾಗ ಬರ್ತೀ ಅಂತ ಯಾರೂ ಕೇಳಂಗಿಲ್ಲ. ಅಷ್ಟ ನನ್ನ ತಲ್ಯಾಗ ಇದ್ದದ್ದು. ನೀ ಬಳಿ ಒಡಕೊಳ್ತೀ, ನಾಕು ತಿಂಗಳು ಹತ್ತು ದಿನ ಗಂಡ ಸತ್ತವರ ಇದ್ದತ್ ಅಂತ ಕೋಣ್ಯಾಗ ಕುಂದ್ರತೀ, ಅದು ತಲಿಗೆ ಬರಲಿಲ್ಲ. ಖರೇ ಹೇಳ್ತೀನಿ… ಬಂತು. ಬಂದ್ರೂ ಸುಮ್ಮನಾದೆ. ಅವತ್ತು ನಾಸೀರನ ಬಾಜೂಕ ನಿಂತಿದ್ದೆ. ನೀ ಆ ಕಡಿಂದ ಅಳ್ತೀ ಅಂತ ಕಿವಿಗೊಟ್ಟೆ. ಬೀಡಿ ಹೊಗಿ ಸಿಕ್ಕೊಂಡು ಕೆಮ್ಮು ಬಂತು, ಬಾಯಿ ಮುಚ್ಚಿಕೊಂಡೆ…

ಯಾಕ ಮಾರಿ ತಿರುವಿದಿ?

ಮೆಹನಾಜ್, ಇಲ್ಲಿ ನೋಡು. ಕೆಮ್ಮು ಕೇಳಿಸಿತ್ತೇನು ನಿನಗ?

…ಅದಕ್ಕ. ಅದಕ್ಕ ನೀ ಮುಂಜಾನಿ ಕಿರಿಚಲಿಲ್ಲ. ಸತ್ತಾಂವ ಬಾಗಲದಾಗ ನಿಂತ್ರ ಹೆಂಗಸರು ಚೀರ್ತಾರ, ನೀ ನೀರು ತಂದುಕೊಟ್ಟಿ. ಅವತ್ತ ಗೊತ್ತಾಗಿತ್ತು ನಿನಗ. ಗೊತ್ತಿದ್ದೂ ಬಳಿ ಒಡದಿ. ಗೊತ್ತಿದ್ದೂ ನಾಕು ತಿಂಗಳು ಹತ್ತು ದಿನ ಕೋಣ್ಯಾಗ ಕುಂತಿ. ನಾ ಸುಳ್ಳು ಹೇಳಿದ್ದು ಒಂದ ದಿನ, ಅದೂ ಬ್ಯಾರೇದವನ ಬಾಯಿಲೆ. ನೀ ಇಷ್ಟು ವರ್ಷ ಅದನ್ನ ನಿಭಾಯಿಸಿದಿ! ಯಾರ ಸಲುವಾಗಿ? ನನ್ನ ಸಲುವಾಗಿ ಅಲ್ಲ ಅನ್ನೋದಂತೂ ನಿನ್ನ ಮಾರಿ ನೋಡಿದ್ರ ತಿಳೀತೈತಿ.

ಏನು ತೋರಸ್ತೀ? ಪರದೆ? ಓದಿದೆನಲ್ಲ. ಕೆಳಗ ಇನ್ನೊಂದು ಸಾಲಾ? ಒಳಗಿನ ಕಡಿ ಕೈ ಮಾಡ್ತೀ… ವಸೀಮಾ ಬರಸಿದ್ದಾ? ಸಣ್ಣಕ್ಷರ… ತಡಿ. "ನ…ನ್ನ ಅಬ್ಬಾ ಬದು…ಕಿದ್ದಿದ್ದರೆ… ಇವತ್ತು… ಹೇಗಾದರೂ… ಬಂದೇ… ಬರು…ತ್ತಿದ್ದರು."

…

ಆಕಿ ಎಲ್ಲಿ ಅದಾಳ ಈಗ? ಒಳಗ, ಮೆಹಂದಿ ಕೈ ಹಿಡ್ಕೊಂಡು ಕುಂತಿರಬೇಕು. ಈಗ ನಾ ಹೋಗಿ ನಿಂತ್ರ… ಬೇಟಿ, ಬದುಕಿದ್ದೆ, ಬರಲಿಲ್ಲ ಅಂತ ಹೇಳಬೇಕು. ಮದುವಿ ದಿನ. ಚಲೋ ಉಡುಗೊರಿ!

ಇನ್ನೂ ಒಂದು ಹೇಳ್ತೀನಿ, ಹೆಂಗೂ ಗೊತ್ತೈತಿ ನಿನಗ. ಯಾರ ಮದುವಿ ಅಂತ ಗೊತ್ತಿರಲಿಲ್ಲ ಅಂದೆನಲ್ಲ, ಅದೂ ಸುಳ್ಳು. ನಿಮ್ಮ ಲಗ್ನಪತ್ರ ಅಮೀನ್‌ಸಾಬ್‌ನ ಟೇಬಲ್ ಮ್ಯಾಲ ನೋಡಿದೆ. ಅದರಾಗೂ ಮರ್ಹೂಮ್ ಅಂತ ಇತ್ತು. ಇವತ್ತು ನನಗ ಮಸ್ಕಿ ಕೆಲಸ ಇತ್ತು, ಇನ್ನೊಬ್ಬನ ಕೈಕಾಲು ಹಿಡದು ಬದಲಿ ಮಾಡ್ಕೊಂಡು ಬಂದೆ. ಸಿಂಧನೂರು ಬಸ್ಸು, ಸಿಂಧನೂರಿಗೆ ಇಳದೆ. ಹುಟ್ಟಿದಾಗಿಂದ ಮೊದಲನೇ ಸಲ ನೆಟ್ಟಗ ಬಂದೀನಿ ನೋಡು, ಬಂದ್ರೂ ಸತ್ತಮ್ಯಾಲ.

ಬ್ಯಾಡ, ಬ್ಯಾಡ. ಏನೂ ಹೇಳಬ್ಯಾಡ. ಆ ಅಕ್ಷರ ಅಳಿಸೋದು ನನಗ ಬರ್ತೈತಿ, ಒಂದ ಗುಂಡಿ. ಅಳಿಸಂಗಿಲ್ಲ.

ಇತ್ತ ಬಾ, ಕಲಿ. ಇದು ರಿಮೋಟ್. ಈ ಹಸರು ಗುಂಡಿ ಒತ್ತಿದ್ರ ಶುರು, ಇದು ಒತ್ತಿದ್ರ ಮುಂದಿನ ಫೋಟೋ. ಖಾಜಿ ಸಾಬ್ ಬಂದಾಗ ಈ ಮುಚ್ಚಳ ಹಾಕಿಬಿಡು, ಅವರಿಗೆ ಫೋಟೋ ಸೇರಂಗಿಲ್ಲ. ನಿಕಾಹ್ ಆಗಿ ಮಂದಿ ಊಟಕ್ಕ ಕುಂತಮ್ಯಾಲ ತಗಿ. ಬಂದ್ ಮಾಡಿದ ಕೂಡ್ಲೇ ವೈರ್ ಕೀಳಬ್ಯಾಡ, ಫ್ಯಾನ್ ನಿಲ್ಲೂತನಕ ತಡಿ, ಒಳಗ ದೀಪ ಕಾದಿರ್ತೈತಿ. ಸಂಜಿಗೆ ಅಮೀನ್‌ಸಾಬ್‌ನ ಗಾಡಿ ಬಂದು ಒಯ್ತೈತಿ. ರಫೀಕ ಎಲ್ಲಿ ಅಂತ ಕೇಳಿದ್ರ… ನಿನಗ ನಾ ಏನು ಹೇಳಿಕೊಡ್ಲಿ, ನೀ ನನಗಿಂತ ಚಲೋ ಹೇಳ್ತೀ.

ಗಾಡಿಗಳ ಹಾರನ್ ಕೇಳಸ್ತು? ಗೊರೇಬಾಳದವರು ಬಂದ್ರು. ಸ್ಕ್ರೂಡ್ರೈವರ್ ನಂದು, ಈ ಟೇಪೂ ನಂದು, ಟಾವೆಲ್ಲು… ಚೀಲದಾಗ ಹಾಕ್ಕೊಂಡೆ. ನಿನ್ನ ಕನ್ನಡಕದ ಬಟ್ಟಿ ತಗೋ. ಹೊಲಸಾಗೈತಿ, ಒಗದು ಇಟ್ಕೋ.

ಹ್ಞಾಂ, ಆ ನನ್ನ ಫೋಟೋ ಬಂದಾಗ ಆಕಿ ಅಳ್ತಾಳ. ಅಳು ಮುಗಿಯೂತನಕ ಮುಂದಿನ ಗುಂಡಿ ಒತ್ತಬ್ಯಾಡ.

ಕಾಲಾಗ ವೈರ್ ಐತಿ, ನೋಡಿ ನಡಿ. ಹಿಂದಿನ, ಬಾವರ್ಚಿಗಳ ಕಡಿ ಬಾಗಲ ತೆರದೈತೇನು?