ಖಾಲಿ ಜಾಗ ಎಂದು ಬರೆದ ಅಂಗಳ

ಮತ್ತೆ ಬಾಯಿ ಹಾಕಿದಿರಾ? ಮೊದಲ ಸಲ ನೀರು ಬೇಕೆಂದಿರಿ, ಎರಡನೇ ಸಲ ಇರುವೆ ಕಚ್ಚಿತೆಂದಿರಿ, ಈಗ ಊರಿನ ಹೆಸರೇನು ಎನ್ನುತ್ತೀರಿ. ಹೆಸರು ಕಟ್ಟಿಕೊಂಡು ಏನಾಗಬೇಕು, ಅಲ್ಲಿಗೇನು ಹೆಣ್ಣು ಕೊಡುತ್ತೀರಾ? ಸುಮ್ಮನೆ ಕೇಳಿ.

ನಮ್ಮಜ್ಜಿಯ ಅಜ್ಜಿಗೂ ಹಲ್ಲು ಬಾರದ ಕಾಲ. ಯಾವುದೋ ಸೀಮೆ, ಯಾವುದೋ ಊರು. ಆ ಊರಲ್ಲಿ ಬುಟ್ಟಿ ಹೆಣೆಯುವವರ ಕೇರಿ. ಕೇರಿಯಲ್ಲಿ ನಿಂಗಾಜಮ್ಮ ಅಂತ ಒಬ್ಬಳು. ಅವಳ ಮನೆ ಎಷ್ಟಗಲ? ಕಾಲು ಚಾಚಿದರೆ ಗೋಡೆ. ಮುಂದಿನ ಅಂಗಳ ಮಾತ್ರ ಉದ್ದ. ಹದಿನೆಂಟು ಮೊಳದ ಬಿದಿರನ್ನು ಮನೆಯೊಳಗೆ ಸೀಳಲಾಗುತ್ತದೆಯೇ? ಅಂಗಳವಿದ್ದರೆ ಬುಟ್ಟಿ, ಬುಟ್ಟಿಯಿದ್ದರೆ ಊಟ.

ಸಂತೆ ಬೀದಿಯಲ್ಲಿ ಗಾಡಿಗಳು ಸಿಕ್ಕಿಕೊಳ್ಳುತ್ತವೆ, ಹೊಸ ದಾರಿ ಬೇಕು ಎಂದು ರಾಜ ಒಬ್ಬ ನಕ್ಷೆಗಾರನನ್ನು ಕಳಿಸಿದ. ಅವನು ಬಂದದ್ದು ಸಂತೆಯ ದಿನ. ಕೇರಿಯವರೆಲ್ಲ ಬುಟ್ಟಿ ಮಾರಲು ಹೋಗಿದ್ದರು. ಅಂಗಳದಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಬಟ್ಟೆಯ ನಕ್ಷೆ ಬಿಚ್ಚಿದ, ‘ಖಾಲಿ ಜಾಗ’ ಎಂದು ಬರೆದ, ಹಗ್ಗ ಹಿಡಿದು ಅಂಗಳಕ್ಕೆ ಅಡ್ಡಲಾಗಿ ದಾರಿಯ ಸುಣ್ಣದ ಗೆರೆ ಎಳೆದು ಹೋದ.

ಬೆಳಗಾಯಿತು. ನಿಂಗಾಜಮ್ಮ ಎಂದಿನಂತೆ ಅಂಗಳ ಗುಡಿಸಿದಳು, ಸಗಣಿ ನೀರು ಹಾಕಿ ಸಾರಿಸಿದಳು, ರಂಗೋಲಿ ಇಟ್ಟಳು. ಗೆರೆ ಎಲ್ಲಿ? ಹೋಯಿತು. ನಕ್ಷೆಗಾರ ಬಂದು ಮತ್ತೆ ಎಳೆದ. ಅವಳು ಮತ್ತೆ ಸಾರಿಸಿದಳು. ಮೂರನೇ ಸಲ ಎಳೆದು, ಗೆರೆಯ ಮೇಲೆಯೇ ಕಾವಲು ಕುಳಿತ. ಅವಳು ಸುತ್ತಲೂ ಸಾರಿಸಿಕೊಂಡು ಬಂದು, “ಸ್ವಲ್ಪ ಕಾಲೆತ್ತಿ ಸ್ವಾಮಿ,” ಎಂದಳು.

ರಾಜರ ಗೆರೆ ಅಳಿಸುತ್ತೀಯಾ ಎಂದು ಅವನು ರೇಗಿದ. ಬಾಗಿಲ ಮುಂದೆ ಬಿದ್ದದ್ದನ್ನು ಗುಡಿಸುವುದು ನಮ್ಮ ಪದ್ಧತಿ, ರಾಜರೇ ಬಿದ್ದಿದ್ದರೂ ಎಬ್ಬಿಸಿ ಗುಡಿಸುತ್ತಿದ್ದೆ ಎಂದಳು. ನಕ್ಷೆಯ ಪ್ರಕಾರ ಇದು ಖಾಲಿ ಜಾಗ ಎಂದ. ಅವಳು ವಾದಕ್ಕೆ ಇಳಿಯಲಿಲ್ಲ. ಒಂದು ಹಸಿ ಬಿದಿರು ತಂದು, ಬುಡವನ್ನು ತಾನು ಹೊಸ್ತಿಲ ಬಳಿ ಒತ್ತಿ ಹಿಡಿದು, ನೀವು ತುದಿ ಹಿಡಿದುಕೊಂಡು ನೆಟ್ಟಗೆ ಹಿಂದಕ್ಕೆ ನಡೆಯಿರಿ ಎಂದಳು. ಅವನು ನಡೆದ. ಗೆರೆ ದಾಟಿದ, ರಂಗೋಲಿ ದಾಟಿದ, ಇನ್ನೂ ಹಿಂದೆ ಹೋದ. ಬಿದಿರು ನೆಟ್ಟಗೆ ಮಲಗುವ ಹೊತ್ತಿಗೆ ಬೆನ್ನಿಗೆ ಅಂಗಳದ ಬೇಲಿ ಚುಚ್ಚಿತು.

“ಈಗ ಖಾಲಿ ಎಲ್ಲಿದೆ ತೋರಿಸಿ. ತೋರಿಸಿದಷ್ಟು ಬಿಟ್ಟುಕೊಡುತ್ತೇನೆ. ತೋರಿಸಲಾಗದಿದ್ದರೆ ಬರೆದದ್ದನ್ನು ಅಳಿಸಿ.”

ಏನು ತೋರಿಸುತ್ತಾನೆ? ಬೆರಳಗಲ ಜಾಗವೂ ಉಳಿದಿರಲಿಲ್ಲ. ಅವನ ಕೈಯಿಂದಲೇ ‘ಬಿದಿರು ಸೀಳುವ ಅಂಗಳ’ ಎಂದು ನಕ್ಷೆಯಲ್ಲಿ ಬರೆಸಿದಳು. ರಾಜನ ದಾರಿ ಪಕ್ಕಕ್ಕೆ ಬಾಗಿತು.

ಮಾರನೆಯ ಬೆಳಗ್ಗೆ ಪಕ್ಕದ ಕೇರಿಯ ಕುಂಬಾರಗಿತ್ತಿ ದೊಡ್ಡೀರಮ್ಮ ಬಂದು ನಿಂತಳು. ಅವಳ ಪಾದಕ್ಕೆ ಸುಣ್ಣ ಮೆತ್ತಿತ್ತು. ತಾನು ಮಡಕೆ ಒಣಗಿಸುವ ಜಾಗವೂ ನಕ್ಷೆಯಲ್ಲಿ ಖಾಲಿಯಂತೆ ಎಂದಳು. ನಿಂಗಾಜಮ್ಮ ಪೊರಕೆ ಹಿಡಿದು, ಸಗಣಿ ನೀರಿನ ಗಡಿಗೆ ಸೊಂಟಕ್ಕೇರಿಸಿ, ನಡಿ ಎಂದು ಮುಂದೆ ಹೊರಟಳು.

ಅವಳ ಪೊರಕೆ ಅಲ್ಲಿ ಸವೆಯಲಿ, ನಮ್ಮ ಅಂಗಳ ಇಲ್ಲಿ ಉಳಿಯಲಿ, ಕಥೆ ಇಷ್ಟೇ ಎನ್ನೋಣವೆಂದರೆ, ಅರ್ಧ ದಾರಿಯಲ್ಲಿ ದೊಡ್ಡೀರಮ್ಮ ಒಂದು ಮಾತು ಕೇಳಿದಳು. ರಾಜನ ಗೆರೆಗೂ ಜಗ್ಗದ ನಿಂಗಾಜಮ್ಮ ಸೊಂಟದ ಗಡಿಗೆಯನ್ನು ಅಲ್ಲೇ ಕೆಳಗಿಳಿಸಿದಳು.

“ಅಕ್ಕಾ, ನಿನ್ನ ಅಂಗಳವೂ ಉಳಿದು, ನನ್ನದೂ ಉಳಿದರೆ, ಆ ಗೆರೆ ನಾಳೆ ಯಾರ ಬಾಗಿಲಿಗೆ ಹೋಗುತ್ತದೆ?”